ಜಡ್ಜ್ ಹ್ಯಾಡ್ಲಿ ಮನೆಯ ನೆಲಮಾಳಿಗೆ

ನಮ್ಮ ಕೋಲ್ಟನ್ಸ್ ಫೆರಿಯಲ್ಲಿ ನೋಡುವಂಥದ್ದು ಎರಡೇ. ಒಂದು ಒಹಾಯೋ ನದಿ, ಇನ್ನೊಂದು ಜಡ್ಜ್ ಹ್ಯಾಡ್ಲಿ ಮನೆ. ನದಿಯನ್ನು ಸುಮ್ಮನೆ ನೋಡಿಕೊಂಡು ಹೋಗಬಹುದು. ಜಡ್ಜ್ ಮನೆ ನೋಡಬೇಕಾದರೆ ನನ್ನ ಮಾತು ಕೇಳಲೇಬೇಕು. ಮೂವತ್ತೆಂಟು ವರ್ಷದಿಂದ ಅಲ್ಲಿ ಸಂಬಳವಿಲ್ಲದ ಗೈಡು ನಾನು, ಲೊರೇನಾ ಸ್ಟಟ್ಸ್. ಅದಕ್ಕೂ ಮೊದಲು ಶಾಲೆಯಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಸುಳ್ಳು ಹೇಳಿದ ಮಕ್ಕಳನ್ನು ಮೂಲೆಯಲ್ಲಿ ನಿಲ್ಲಿಸುತ್ತಿದ್ದೆ. ನಗಬೇಡಿ.

ನಾನು ಸೇರಿದ ಹೊಸದರಲ್ಲಿ ಬಂದವರೆಲ್ಲ ಆಕಳಿಸುತ್ತಿದ್ದರು. ಜಡ್ಜ್ ಕೂತ ಕುರ್ಚಿ, ಜಡ್ಜ್ ಹೆಂಡತಿಯ ಪಿಂಗಾಣಿ ತಟ್ಟೆ, ಎಷ್ಟು ಅಂತ ನೋಡುತ್ತಾರೆ? ಒಂದು ದಿನ ಸಿನ್ಸಿನಾಟಿಯ ಹೆಂಗಸೊಬ್ಬಳು ನೆಲಮಾಳಿಗೆಯಲ್ಲಿ ನಿಂತು ಬಾಯಿ ಇಷ್ಟಗಲ ತೆರೆದು ಆಕಳಿಸಿದಳು. ನನಗೆ ರೇಗಿತು. "ಇಲ್ಲೇ ಗುಲಾಮರು ಬಚ್ಚಿಟ್ಟುಕೊಳ್ತಿದ್ದಿದ್ದು. ಗುಲಾಮಗಿರಿ ಇದ್ದ ಆಚೆ ದಡದಿಂದ ನದಿ ದಾಟಿ ಓಡಿ ಬಂದೋರನ್ನ ಜಡ್ಜ್ ಸಾಹೇಬರು ಇಲ್ಲೇ ಅಡಗಿಸಿಟ್ಟು ಕೆನಡಾಕ್ಕೆ ಸಾಗಿಸ್ತಿದ್ರು" ಅಂದುಬಿಟ್ಟೆ. ಆಕೆ ಬಾಯಿ ಮುಚ್ಚಿ, ಕಣ್ಣೊರೆಸಿಕೊಂಡಳು.

ಅದು ಆಲೂಗಡ್ಡೆ ಇಡುವ ಜಾಗ. ಆಲೂಗಡ್ಡೆ, ಸೇಬು, ಚಳಿಗಾಲಕ್ಕೆ ಒಂದಿಷ್ಟು ಕ್ಯಾರೆಟ್. ಅಷ್ಟೇ.

ಮುಂದಿನ ವರ್ಷ ನಮ್ಮ ಊರಿನ ಇತಿಹಾಸ ಸಂಘ ನನ್ನ ಮಾತನ್ನೇ ಕರಪತ್ರದಲ್ಲಿ ಅಚ್ಚು ಹಾಕಿಸಿತು. ಆಮೇಲೆ ಬಾಗಿಲ ಪಕ್ಕ ಕಂಚಿನ ಫಲಕ ಬಂತು. ಸಾಕ್ಷಿಗೆ ಅಂತ ಯಾರೂ ಒಂದು ಕಾಗದ ಕೇಳಲಿಲ್ಲ. ಜಡ್ಜ್ ಮನೆಯಲ್ಲವೇ, ಇದ್ದೇ ಇರುತ್ತದೆ ಅಂದುಕೊಂಡರು. ಟಿಕೆಟ್ ಕೊಡುವ ಡ್ವೈಟ್‌ಗಂತೂ ನಾನೊಂದು ತಮಾಷೆ. "ಏನ್ ಲೊರೇನಾ, ಇವತ್ತು ಎಷ್ಟು ಜನರನ್ನ ಅಳಿಸ್ದೆ?" ಅಂತ ಸಂಜೆಗೊಮ್ಮೆ ಕೇಳುತ್ತಿದ್ದ. ನಾನೂ ನಗುತ್ತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು.

ಕಳೆದ ಮೇ ತಿಂಗಳಲ್ಲಿ ಕೆನಡಾದಿಂದ ಒಡೆಸ್ಸಾ ಪ್ರುಯಿಟ್ ಎಂಬ ಕಪ್ಪು ಮುದುಕಿ ಬಂದಳು. ಎಂಬತ್ತೆಂಟು ವರ್ಷ. ಜೊತೆಗೆ ಮಗಳು ಕೊರಿನ್. ಮುದುಕಿಯ ಕೈಯಲ್ಲಿದ್ದ ನಮ್ಮ ಕರಪತ್ರ ಮಡಚಿ ಮಡಚಿ ಹರಿಯುವ ಹಾಗಾಗಿತ್ತು. "ಡಾಕ್ಟ್ರು ಬೇಡ ಅಂದ್ರು ಮೇಡಂ. ಅಮ್ಮ ಕೇಳಲಿಲ್ಲ. ಸಾಯೋದ್ರೊಳಗೆ ಆ ಗೋಡೆ ಮುಟ್ಟಬೇಕು ಅಂತ ಒಂದೇ ಹಟ" ಅಂದಳು ಕೊರಿನ್.

ಹದಿನಾಲ್ಕು ಮೆಟ್ಟಿಲು ಇಳಿಸಲು ಕಾಲು ಗಂಟೆ ಹಿಡಿಯಿತು. ಮುದುಕಿ ಕೆಳಗೆ ನಿಂತು ಏದುಸಿರು ಸುಧಾರಿಸಿಕೊಂಡು ಸುತ್ತ ನೋಡಿದಳು.

"ನಮ್ಮಜ್ಜಿಯ ತಾಯಿ ಆಗ ಒಂಬತ್ತು ವರ್ಷದ ಹುಡುಗಿ" ಅಂದಳು. "ಮೂರು ದಿನ ಇದ್ದಿಲ ರಾಶಿ ಹಿಂದೆ ಮಲಗಿದ್ಲಂತೆ. ಕುಲುಮೆ ಸುತ್ತಿಗೆ ಬಡಿತಾ ಇರೋತನಕ ಉಸಿರಾಡಬಹುದು. ಸುತ್ತಿಗೆ ನಿಂತ್ರೆ ಯಾರೋ ಬಂದ್ರು ಅಂತ ಲೆಕ್ಕ, ಉಸಿರು ಬಿಗಿ ಹಿಡಿಬೇಕು. ಕುಲುಮೆ ಎಲ್ಲಿತ್ತಮ್ಮಾ ಇಲ್ಲಿ?"

ಕುಲುಮೆ ಎಲ್ಲಿತ್ತು ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ಆದರೂ ಈ ನಾಲಿಗೆ, ಹಾಳಾದ್ದು, "ಹಿಂದೆ ಮೇಲ್ಗಡೆ ಎಲ್ಲೋ ಇತ್ತಂತೆ" ಅಂದಿತು.

ಮುದುಕಿ ನಂಬಿದಳು. ಕಲ್ಲಿಗೆ ಕೆನ್ನೆ ಒತ್ತಿ ನಿಂತಳು. ಏನೇನೋ ಪಿಸುಗುಟ್ಟಿದಳು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಂಥೋರು ಇದನ್ನ ಕೆಡವದೆ ಕಾಪಾಡಿಕೊಂಡು ಬಂದ್ರಲ್ಲ, ದೇವರು ತಣ್ಣಗಿಟ್ಟಿರ್ಲಿ ತಾಯಿ" ಅಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲು ಆಗಲಿಲ್ಲ. ನಾಚಿಕೆಯಿಂದ ಮೈ ಹಿಡಿಯಾಯಿತು.

"ಅಮ್ಮಾ, ಇದು ಆ ಜಾಗ ಅಲ್ಲ" ಅಂದೆ. "ಇಲ್ಲಿ ಯಾರೂ ಅಡಗಿರ್ಲಿಲ್ಲ. ಕಥೆ ಕಟ್ಟಿದ್ದು ನಾನು."

ಕೊರಿನ್ ಕೈಯಲ್ಲಿದ್ದ ಫೋನು ಕೆಳಗಿಳಿಸಿದಳು. "ಏನಂದ್ರಿ? ಏಳು ಗಂಟೆ ಕಾರಲ್ಲಿ ಕೂರಿಸ್ಕೊಂಡು ಬಂದಿದೀನಿ ನಮ್ಮಮ್ಮನ್ನ! ಆಟ ಆಡ್ತೀರಾ?"

"ಬಿಡೇ, ಅವಳು ಹೇಳ್ಲಿ" ಅಂದಳು ಮುದುಕಿ.

ಹೇಳಿದೆ. ಈ ಮನೆಯ ಹಿಂದೆಯೇ ಏಮಸ್ ಗ್ಯಾಡಿಸ್ ಎಂಬ ಕಪ್ಪು ಕಮ್ಮಾರನ ಕುಲುಮೆ ಇತ್ತು. ನಾನು ನೋಡಿದಾಗ ಸೂರು ಅರ್ಧ ಕುಸಿದಿತ್ತು, ಗೋಡೆ ಗಟ್ಟಿಯಾಗಿತ್ತು. ಆತನ ವಯಸ್ಸಾದ ಮೊಮ್ಮಗ ವರ್ಜಿಲ್ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಸಂಘದ ಸಭೆಗೆ ಬಂದಿದ್ದ. ಓಡಿ ಬಂದವರನ್ನು ನಮ್ಮ ತಾತ ಇದ್ದಿಲ ಹಿಂದೆ ಅಡಗಿಸುತ್ತಿದ್ದ, ಕೆಡವಬೇಡಿ ಅಂದ. ನಾವು ಕಾಗದ ಕೇಳಿದೆವು. "ಸಿಕ್ಕಿಬಿದ್ರೆ ಜೈಲಿಗೆ ಹೋಗೋ ಕೆಲಸಕ್ಕೆ ಯಾರ್ರೀ ಕಾಗದ ಬರೀತಾರೆ?" ಅಂದ ಆತ. ಕಾಗದವಿಲ್ಲದೆ ಇತಿಹಾಸವಿಲ್ಲ ಅಂತ ಆತನಿಗೆ ಪಾಠ ಹೇಳಿದವಳು ನಾನೇ. ಆಗಲೇ ನನ್ನ ಸುಳ್ಳು ಅಚ್ಚಾಗಿ ಬಂದಿತ್ತು. ಅದನ್ನು ನೋಡಲು ಬರುವವರ ಬಸ್ಸು ನಿಲ್ಲಿಸಲು ಜಾಗ ಬೇಕಾಗಿತ್ತು. ಕುಲುಮೆ ಕೆಡವಿಸಿದೆವು.

ಮೂವರೂ ಮೇಲೆ ಬಂದೆವು. ಹಿಂದುಗಡೆ ಡಾಂಬರು, ಬಿಳಿ ಗೆರೆ, ಎರಡು ಶಾಲೆ ಬಸ್ಸು. ಕುಲುಮೆ ಎಲ್ಲಿತ್ತು ಅಂತ ಹೆಜ್ಜೆ ಹಾಕಿ ತೋರಿಸಿದೆ. ಒಂಬತ್ತನೆಯ ಗೆರೆಯ ಹತ್ತಿರ. ಕೊರಿನ್ ಮುಖ ತಿರುಗಿಸಿ ನಿಂತಳು. ಅಳುತ್ತಿದ್ದಳು.

ಮುದುಕಿ ಆ ಗೆರೆಯ ಹತ್ತಿರ ಬಂದು ನಿಂತಳು.

"ಕೆಡವೋದು ಅಂತ ಹೇಗೆ ತೀರ್ಮಾನ ಮಾಡಿದ್ರಿ?"

"ಕೈ ಎತ್ತಿ, ಅಮ್ಮಾ."

"ನೀನೂ ಎತ್ತಿದ್ಯಾ?"

"ಎತ್ತಿದ್ದೆ."

"ಯಾವ ಕೈ?"

ಬಲಗೈ ಸ್ವಲ್ಪ ಮುಂದೆ ಮಾಡಿದೆ. ಹೊಡೆದರೂ ಹೊಡೆಯಲಿ ಅಂದುಕೊಂಡೆ.

ಆಕೆ ಅದನ್ನು ಬಿಗಿಯಾಗಿ ಹಿಡಿದುಕೊಂಡಳು.

"ಬಿಡಬೇಡ. ನನ್ನ ಮಂಡಿ ಮಡಚಕ್ಕಾಗಲ್ಲ. ನಾನು ಕೆಳಗೆ ಕೂರ್ಬೇಕು."