ಸಬಿನಾಳ ಕಾವಲು

ಸಮುದ್ರದಾಚೆಯ ನಮ್ಮ ಮೇಯೋ ಸೀಮೆಯಲ್ಲಿ ಸ್ಮಶಾನದಲ್ಲಿ ಕೊನೆಯದಾಗಿ ಮಣ್ಣಾದವರ ಆತ್ಮವೇ ಅದರ ಬಾಗಿಲು ಕಾಯಬೇಕು. ಇನ್ನೊಂದು ಹೆಣ ಬಂದರೆ ಕಾವಲು ಅವರದು, ಇವರಿಗೆ ವಿಶ್ರಾಂತಿ. ಊರಿನಲ್ಲಿದ್ದಾಗ ಅದೊಂದು ದೊಡ್ಡ ವಿಷಯವೇ ಆಗಿರಲಿಲ್ಲ. ಆಲೂಗಡ್ಡೆ ಕೊಳೆತು ಊರಿಗೂರೇ ಹಸಿವಿನಿಂದ ಸತ್ತ ವರ್ಷಗಳಲ್ಲಂತೂ ಒಬ್ಬರೂ ಅರ್ಧ ದಿನ ಕಾದಿರಲಿಕ್ಕಿಲ್ಲ.

ನನ್ನ ಮಗಳು ಸಬಿನಾ ಸತ್ತದ್ದು ಕ್ವಿಬೆಕ್ ಬಂದರಿಗೆ ಮುಂಚೆ, ಹಡಗಿನವರನ್ನು ಜ್ವರಕ್ಕಾಗಿ ತಡೆದಿಡುವ ದ್ವೀಪದಲ್ಲಿ. ಅಕ್ಟೋಬರ್ ಮುಗಿಯುತ್ತಿತ್ತು. ಅವಳನ್ನು ಮಣ್ಣು ಮಾಡಿದ ವಾರದಲ್ಲೇ ರೋಗಿಗಳ ಕೊಟ್ಟಿಗೆಗಳಿಗೆ ಬೀಗ ಬಿತ್ತು. ಬದುಕುಳಿದವರನ್ನೆಲ್ಲ ದೋಣಿ ಹತ್ತಿಸಿದರು. ಆಮೇಲೆ ನದಿ ಹೆಪ್ಪುಗಟ್ಟಿತು. ಅವಳ ನಂತರ ಅಲ್ಲಿನ ಸ್ಮಶಾನಕ್ಕೆ ಇನ್ನೊಂದು ಹೆಣ ಬರಲಿಲ್ಲ. ಒಂಬತ್ತು ವರ್ಷದ ಹುಡುಗಿ, ಆ ಹಿಮದಲ್ಲಿ, ಸಾವಿರಾರು ಜನ ಮಲಗಿರುವಾಗ ಒಬ್ಬಳೇ ಎಚ್ಚರ.

ಚಳಿಗಾಲವಿಡೀ ಬಂದರಿನ ಹತ್ತಿರ ಕಂಡವರ ಬಟ್ಟೆ ಒಗೆದೆ. ಜೊತೆಯಲ್ಲಿ ಒಗೆಯುತ್ತಿದ್ದ ನಮ್ಮೂರ ಆನರ್‌ಗೆ ಇದನ್ನು ಹೇಳಿದೆ.

"ಅದೆಲ್ಲ ಊರಲ್ಲೇ ಬಿಟ್ಟು ಬಂದ್ವಲ್ಲೇ ವಿನೀ. ಸಮುದ್ರ ದಾಟಿದ ಮೇಲೆ ಎಂಥಾ ಕಾವಲು?" ಎಂದಳು.

ಹಸಿವು ದಾಟಿ ಬಂತು, ಜ್ವರ ದಾಟಿ ಬಂತು, ಇದೊಂದು ಮಾತ್ರ ದಡದಲ್ಲೇ ಉಳಿಯಿತೇ? ಜಪಮಣಿ ಹಿಡಿದು ಬೇಡಿಕೊಂಡೆ: ಮೊದಲ ಹಡಗಿನಲ್ಲಿ ಬಂದವರು ಯಾರಾದರೂ ಆ ದ್ವೀಪದಲ್ಲಿ ಸಾಯಲಿ. ವಯಸ್ಸಾದವರು, ಬದುಕಿ ಸಾಕಾದವರು ಯಾರಾದರೂ. ಪಾದ್ರಿಯ ಹತ್ತಿರ ಇದನ್ನು ಬಾಯಿ ಬಿಡಲಿಲ್ಲ.

ಮೇ ತಿಂಗಳಲ್ಲಿ ಹಡಗುಗಳು ಬರತೊಡಗಿದವು. ದ್ವೀಪಕ್ಕೆ ಬ್ರೆಡ್ಡು ಸಾಗಿಸುವ ದೋಣಿಯ ಒನೆಸೀಮ್ ವಾಪಸು ಬಂದಾಗ ದಡಕ್ಕೆ ಓಡಿದೆ.

"ಯಾರಾದ್ರೂ ಹೋದ್ರೇನಪ್ಪಾ?"

"ಈ ಸಲ ಎಷ್ಟೋ ವಾಸಿ ಅಕ್ಕಾ. ಒಂದೇ ಒಂದು."

"ಮುದುಕರಾ?"

"ಎಲ್ಲಿಯ ಮುದುಕರು! ಮೊಲೆ ಬಿಡದ ಕೂಸು. ತಾಯಿ ಹಡಗಲ್ಲೇ ತೀರ್ಕೊಂಡಿದ್ಲಂತೆ, ಸಮುದ್ರಕ್ಕೆ ಹಾಕಿದ್ರಂತೆ. ನಿನ್ನೆ ಕೂಸನ್ನ ಮಣ್ಣು ಮಾಡಿದ್ರು."

ಸುಳ್ಳೇಕೆ ಹೇಳಲಿ, ಮೊದಲು ಸಂತೋಷವೇ ಆಯಿತು. ಮೈಯೆಲ್ಲ ಹಗುರಾಯಿತು. ಒದ್ದೆ ಕೈಯಲ್ಲೇ ಶಿಲುಬೆಯ ಗುರುತು ಮಾಡಿಕೊಂಡು, "ಇನ್ನು ಮಲಕ್ಕೋ ನನ್ನವ್ವಾ" ಎಂದೆ.

ಆಮೇಲೆ ನೆನಪಾಯಿತು, ಇನ್ನು ಕಾವಲು ಆ ಕೂಸಿನದು. ನನ್ನ ಮಗಳು ನನಗೆ ಗೊತ್ತಿಲ್ಲವೇ? ಹಡಗಿನಲ್ಲಿ ಯಾರ ಮಗು ಅತ್ತರೂ ಸೊಂಟಕ್ಕೇರಿಸಿಕೊಂಡು ತಿರುಗಿದವಳು. ಜ್ವರ ಅಂಟಿದ್ದೂ ಹಾಗೆಯೇ. ಆ ಕೂಸನ್ನು ಬಾಗಿಲಲ್ಲಿ ಒಂಟಿಯಾಗಿ ಬಿಟ್ಟು ಮಲಗಲು ಹೋಗುವವಳಲ್ಲ ಅವಳು.