ಸೊಸಾಂದ್ರನ ಪಂಕ್ತಿಯ ಸೌಟು

ಕ್ರಿಸ್ತ ಐದು ರೊಟ್ಟಿ, ಎರಡು ಮೀನಿನಲ್ಲಿ ಐದು ಸಾವಿರ ಜನಕ್ಕೆ ಉಣಿಸಿದನಲ್ಲ, ಅದನ್ನು ಬಡಿಸಿದ ಸೌಟು ನಾನೇ. ರೊಟ್ಟಿ ಬಡಿಸಲು ಸೌಟೇಕೆ ಎಂದು ಕೇಳುವವರು ಈಗಲೇ ಎದ್ದು ಹೋಗಬಹುದು.

ನನ್ನನ್ನು ಎರಕ ಹೊಯ್ದದ್ದು ಕೊರಿಂಥ ಪಟ್ಟಣದ ಕಂಚುಗಾರರ ಕೇರಿಯಲ್ಲಿ. ಆ ದಿನ ನನ್ನ ಹೊಳಪಿಗೆ ನಾಚಿ ಸೂರ್ಯ ಮಧ್ಯಾಹ್ನಕ್ಕೇ ಮುಳುಗಿದ. ಮೊದಲು ಬಂದರಿನ ಒಂದು ಖಾನಾವಳಿಯಲ್ಲಿ ನಾವಿಕರ ಗಂಜಿಯೊಳಗೆ ಈಜಿದೆ. ಆಮೇಲೆ ಎಣ್ಣೆ ವ್ಯಾಪಾರಿ ಸೊಸಾಂದ್ರ ನನ್ನನ್ನು ಕೊಂಡ. ನನ್ನ ವಾಕರಿಕೆ ಶುರುವಾದದ್ದು ಅಲ್ಲಿಂದ.

ಸೊಸಾಂದ್ರ ಕ್ರಿಸ್ತನನ್ನು ನಂಬಿದವನು. ವಾರದ ಮೊದಲ ದಿನ ನಂಬಿದವರೆಲ್ಲ ಅವನ ಮನೆಯಲ್ಲಿ ಕೂಡುತ್ತಿದ್ದರು. ಸ್ವಾಮಿ ಕೊನೆಯ ಊಟದಲ್ಲಿ ರೊಟ್ಟಿ ಮುರಿದು ಹಂಚಿದ್ದನ್ನು ನೆನೆದು ಇವರೂ ಒಂದೇ ರೊಟ್ಟಿ ಮುರಿದು, ಒಂದೇ ಬಟ್ಟಲಲ್ಲಿ ಕುಡಿದು, ಜೊತೆಯಾಗಿ ಉಣ್ಣಬೇಕು. ಅದಕ್ಕೆ ಸ್ವಾಮಿಯ ಊಟ ಎಂದು ಹೆಸರು. ಒಡೆಯ, ಆಳು ಎಂಬ ಭೇದವಿಲ್ಲ. ಕೇಳಲು ಚೆಂದ. ಆದರೆ ಕೂಲಿಯವರು ದುಡಿದು ಬರುವುದು ಕತ್ತಲಾದ ಮೇಲೆ. ಉಳ್ಳವರಿಗೆ ಹಸಿವಾಗುವುದು ಸಂಜೆಗೇ. ಆ ಊರಿನ ರೂಢಿಯಂತೆ ಒಳಮನೆಯ ಮಂಚಗಳ ಮೇಲೆ ಒರಗಿ ಅವರು ಶುರುಮಾಡಿಯೇ ಬಿಡುವರು. ಅಡುಗೆಯ ಆಳು ಮಿರ್ತೋ ನನ್ನನ್ನು ಹಂಡೆಯ ತಳಕ್ಕಿಳಿಸಿ ಮಾಂಸದ ತುಂಡುಗಳನ್ನೆಲ್ಲ ಅವರಿಗೇ ಎತ್ತಿ ಹಾಕಬೇಕು. ತಡವಾಗಿ ಬಂದು ಅಂಗಳದಲ್ಲಿ ಕೂತವರಿಗೆ ತಿಳಿನೀರು.

ಒಳಗಿನವರು ಗಡ್ಡದಿಂದ ಕೊಬ್ಬು ಇಳಿಯುತ್ತಿರುವಾಗಲೇ ತೇಗಿ, ಅದೇ ಬಾಯಲ್ಲಿ ಸ್ತೋತ್ರ ಹಾಡುವರು. ಒಮ್ಮೆ ಒಬ್ಬ ಕುಡಿದು ಹಂಡೆಯ ಪಕ್ಕದಲ್ಲೇ ಕಾರಿಕೊಂಡ. ನನ್ನ ಹಿಡಿಗೂ ಸಿಡಿಯಿತು. ಏಳು ಕಡಲಲ್ಲಿ ತೊಳೆದರೂ ಆ ನಾತ ಹೋಗದು.

ಒಂದು ವಾರ ದಾಮಾಸ ತನ್ನ ತಾಯಿಯನ್ನು ಕರೆತಂದ. ಅವನು ಅಂಗಳದಲ್ಲಿ ಕೂರುವವರಲ್ಲೊಬ್ಬ; ಊರಿನ ಎರಡು ಬದಿಗೂ ಕಡಲಿರುವುದರಿಂದ ಹಡಗುಗಳನ್ನು ಒಂದರಿಂದ ಇನ್ನೊಂದಕ್ಕೆ ನೆಲದ ಮೇಲೆ ಎಳೆಯುವ ಕೂಲಿ. ನಮ್ಮಲ್ಲಿ ಎಲ್ಲರೂ ಒಟ್ಟಿಗೇ ಉಣ್ಣುತ್ತೇವೆ ಎಂದು ಅವಳ ಮುಂದೆ ಕೊಚ್ಚಿಕೊಂಡಿದ್ದ. ಕಣ್ಣಾರೆ ಕಂಡರೆ ತಾನೂ ನಂಬುತ್ತೇನೆ ಎಂದಿದ್ದಳು ಆಕೆ. ತಾನು ಕೊಚ್ಚಿಕೊಂಡ ಮಾತು ಒಂದು ದಿನವಾದರೂ ನಿಜವಾಗಲೆಂದು, ಈ ಸಲ ನಮಗಾಗಿ ಕಾಯಿರಿ ಎಂದು ದಾಮಾಸ ಸೊಸಾಂದ್ರನನ್ನು ಬೇಡಿಕೊಂಡಿದ್ದ. ಸೊಸಾಂದ್ರ ಎದೆಯ ಮೇಲೆ ಕೈಯಿಟ್ಟು ಒಪ್ಪಿದ್ದ.

ಕಾಯಲಿಲ್ಲ. ತಾಯಿ ಮಗ ಬಂದಾಗ, ಎಲ್ಲರೂ ಕೂಡಿ ಮುರಿಯಬೇಕಾಗಿದ್ದ ರೊಟ್ಟಿಯೂ ಉಳಿದಿರಲಿಲ್ಲ. ಯಾರೋ ಅದರಿಂದಲೇ ತಟ್ಟೆಯ ಜಿಡ್ಡು ಒರೆಸಿ ತಿಂದಿದ್ದರು.

"ಬಾ ತಮ್ಮಾ," ಎಂದ ಸೊಸಾಂದ್ರ ಮಂಚದಿಂದಲೇ. "ಹಾಡೋ ಹೊತ್ತಿಗೆ ಸರಿಯಾಗಿ ಬಂದೆ."

ಮುದುಕಿ ಬಟ್ಟಲು ಮುಂದೆ ಹಿಡಿದಳು. ಈಗ ನನ್ನ ಪರಾಕ್ರಮ ಕೇಳಿ. ಮಿರ್ತೋಳ ಕೈಯಿಂದ ಜಿಗಿದೆ, ಸೊಸಾಂದ್ರನ ಬೋಳುತಲೆಗೆ ಬಾರಿಸಿದೆ, ಬರಿದಾದ ಹಂಡೆಯಿಂದ ಮಾಂಸದ ಗುಡ್ಡವನ್ನೇ ಎತ್ತಿ ಮುದುಕಿಯ ಬಟ್ಟಲಿಗೆ...

"ಸುಳ್ಳ," ಎಂದಿತು ಪಕ್ಕದಲ್ಲಿದ್ದ ಕಂಚಿನ ದೀಪ.

ನಾವೀಗ ಗುಜರಿಯವನ ಮೂಲೆಯಲ್ಲಿ ಕರಗುವ ದಿನ ಕಾಯುತ್ತಿದ್ದೇವೆ. ಸೊಸಾಂದ್ರನ ಮನೆಯ ಸಾಮಾನು ಮಾರಿದಾಗ ಇದೂ ನನ್ನ ಜೊತೆ ಬಂತು.

"ನಾನೂ ಅಲ್ಲೇ ಉರೀತಿದ್ದೆ ಕಣಯ್ಯ. ನಡೆದದ್ದು ಹೇಳು."

ಹೇಳುತ್ತೇನೆ. ತಳ ಕೆರೆದೆ, ಸದ್ದು ಮಾತ್ರ ಬಂತು. ದಾಮಾಸ ತಲೆ ತಗ್ಗಿಸಿದ.

"ನಿಮ್ಮ ಸ್ವಾಮೀನೂ ಹಿಂಗೇ ಬರೋರ್ನ ಬಿಟ್ಟು ಉಂಡಿದ್ನೇನಪ್ಪಾ?" ಎಂದಳು ತಾಯಿ.

"ಇಲ್ಲಮ್ಮ. ತನ್ನ ವೈರಿಗಳಿಗೆ ಹಿಡಿದುಕೊಡೋನ್ಗೂ ಕೊಟ್ಟೇ ಉಂಡ."

ಮುದುಕಿ ಒಳಮನೆಯತ್ತ ಒಮ್ಮೆ ನೋಡಿದಳು. ಅಂಗಳದಲ್ಲೇ ಕೂತು, ದಾರಿಗೆಂದು ಕಟ್ಟಿಕೊಂಡಿದ್ದ ಜವೆಗೋಧಿ ರೊಟ್ಟಿ ಬಿಚ್ಚಿ ಮುರಿದಳು. ಒಂದು ಚೂರು ಮಗನಿಗೆ. ಇನ್ನೊಂದನ್ನು ಮಿರ್ತೋಳತ್ತ ಚಾಚಿದಳು. ಬೆಳಗಿನಿಂದ ಬೇಯಿಸಿದವಳು ಉಂಡಳೋ ಇಲ್ಲವೋ ಎಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೂಡ.

"ತಗೋ ಮಗಳೇ, ನೀನೂ ಕೂತ್ಕೊ."

ಎರಡೂ ಕೈಯಲ್ಲಿ ಈಸಿಕೊಳ್ಳಲು ಮಿರ್ತೋ ನನ್ನನ್ನು ನೆಲಕ್ಕಿಟ್ಟಳು. ಅಂದು ಆ ಮನೆಯಲ್ಲಿ ನಡೆದ ಸ್ವಾಮಿಯ ಊಟ ಅದೊಂದೇ. ಅದನ್ನು ಬಡಿಸಿದವನು ನಾನಲ್ಲ.