ತೇರ್ಸ್ ಮುಗಿದ ಮೇಲಿನ ಪಾಠ

ಕಾರ್ಕಳದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಸಿಂಥಿಯಾಗೆ ಜೂನ್ ಬಂತೆಂದರೆ ಸಾಕು, ಕೆಮ್ಮಣ್ಣು ಎಂಬ ಊರಿನ ತನ್ನ ಹಳೆಯ ಮನೆ ನೆನಪಾಗುತ್ತದೆ. ಹಿಂದಿನ ಬೆಂಚಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರುವ ಕನ್ನಡ ಮಾಧ್ಯಮದ ಮಕ್ಕಳನ್ನು ಕಂಡರೆ ತನ್ನನ್ನೇ ಕಂಡಂತಾಗುತ್ತದೆ. ಅವಳೂ ಅಲ್ಲಿಂದಲೇ ಬಂದವಳಲ್ಲವೇ!

ಅವಳ ಹತ್ತನೇ ತರಗತಿಯ ವರ್ಷ ಅದು. ಪಿಯುಸಿಯಲ್ಲಿ ವಿಜ್ಞಾನವನ್ನೇ ಓದಬೇಕೆಂಬ ಹಟ. ಆದರೆ ಅಲ್ಲಿ ಎಲ್ಲವೂ ಇಂಗ್ಲಿಷು. ಶಾಲೆಯ ಅಲೆಕ್ಸಾಂಡರ್ ಮಾಸ್ಟ್ರು ಉಪಾಯ ಹೇಳಿದ್ದರು: "ಕನ್ನಡ ಶಬ್ದದ ಎದುರು ಇಂಗ್ಲಿಷ್ ಶಬ್ದ ಬರೆದು ದಿನಕ್ಕೆ ಹತ್ತು ಬಾಯಿಪಾಠ ಮಾಡು. ಕಾಲೇಜು ಶುರುವಾಗುವಾಗ ಹೆದರಿಕೆ ಹೋಗಿರ್ತದೆ."

ಹೇಳುವುದು ಸುಲಭ. ಮನೆಯಲ್ಲಿ ಸಂಜೆ ಏಳಕ್ಕೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ. ಅಜ್ಜಿ ವೆರೊನಿಕಾ, ಎಲ್ಲರ ಬಾಯಲ್ಲೂ 'ಮಾಂಯ್', ಜಪಮಾಲೆ ಹಿಡಿದು ಕೂತರೆಂದರೆ ಮುಕ್ಕಾಲು ಗಂಟೆ ಯಾರೂ ಅಲುಗಾಡುವಂತಿಲ್ಲ. ಕೊನೆಗೆ ಲದೀನ್: ಏಸುವಿನ ತಾಯಿ ಮರಿಯಮ್ಮನ ಒಂದೊಂದು ಬಿರುದನ್ನು ಮಾಂಯ್ ರಾಗವಾಗಿ ಕೂಗುವುದು, ಉಳಿದವರು ಅದೇ ರಾಗದಲ್ಲಿ 'ನಮಗಾಗಿ ಬೇಡಿಕೋ' ಎಂದು ಓಗೊಡುವುದು.

ಕಳ್ಳಿ ಸಿಂಥಿಯಾ ಪ್ರಾರ್ಥನೆಯ ಪುಸ್ತಕದೊಳಗೆ ಶಬ್ದಗಳ ಪಟ್ಟಿ ಇಟ್ಟುಕೊಂಡಳು. ಒಂದು ಸಂಜೆ ಮಾಂಯ್ ಬಿರುದು ಕೂಗಿದ ಕೂಡಲೇ ಇವಳ ಬಾಯಿಂದ ರಾಗವಾಗಿಯೇ ಹೊರಟಿತು: "ಆಕ್ಸಿಡೇಶನ್!"

ಮನೆಯವರೆಲ್ಲ ತಿರುಗಿ ನೋಡಿದರು. ಮಾಂಯ್ ಪಟ್ಟಿ ಎಳೆದುಕೊಂಡು ಓದಿದರು. ಕೊಂಕಣಿ ಪ್ರಾರ್ಥನೆಯನ್ನೂ ಕನ್ನಡ ಲಿಪಿಯಲ್ಲೇ ಓದುವವರಿಗೆ ಪಟ್ಟಿಯ ಕನ್ನಡ ಶಬ್ದಗಳೇನೂ ಕಷ್ಟವಿರಲಿಲ್ಲ.

"ದೇವರ ಹೊತ್ತಲ್ಲಿ ಇದೆಂತ ಪುತಾ?"

"ಕಾಲೇಜಿಗೆ ಮಾಂಯ್. ಇದು ಬಾರದಿದ್ದರೆ ನನಗೆ ಸಯನ್ಸ್ ಇಲ್ಲ." ಅತ್ತೇ ಬಿಟ್ಟಳು.

"ಅದಕ್ಕೆ ಕದ್ದು ಓದುವುದು ಎಂತಕ್ಕೆ ಮಾರಾಯ್ತಿ? ಮೊದಲು ದೇವರ ಪಾಲು. ಆಮೇಲೆ ಇದನ್ನು ನಾನು ಹೇಳ್ತೇನೆ, ನೀನು ಉತ್ತರ ಕೊಡು."

ಅಂದಿನಿಂದ ತೇರ್ಸ್ ಮುಗಿದ ಮೇಲೆ ಇನ್ನೊಂದು ಲದೀನ್. "ಆಮ್ಲ" ಎಂದು ಮಾಂಯ್ ಕೂಗಿದರೆ "ಆಸಿಡ್" ಎಂದು ಸಿಂಥಿಯಾ. ರಾಗ ಮಾತ್ರ ಅದೇ. ಬೇರೆ ರಾಗ ಮಾಂಯ್‌ಗೆ ಬರುತ್ತಿರಲಿಲ್ಲ, ಪಾಪ.

ಮೇ ತಿಂಗಳಲ್ಲಿ ಉಡುಪಿಯ ಕಾಲೇಜೊಂದರಲ್ಲಿ ಸಂದರ್ಶನ. ಮಾಂಯ್ ಭಾನುವಾರ ಇಗರ್ಜಿಯ ಪೂಜೆಗೆ ಉಡುವ ಸೀರೆ ಉಟ್ಟು ಜೊತೆಗೇ ಹೊರಟರು. ಪ್ರಾಂಶುಪಾಲರು ಅಂಕಪಟ್ಟಿ ನೋಡಿ, "ಮಾರ್ಕ್ ಉಂಟು. ಆದರೆ ಕನ್ನಡ ಮೀಡಿಯಂ ಅಲ್ವಾ? ಕಷ್ಟ ಆಗ್ತದೆ, ಆರ್ಟ್ಸ್ ತೆಗೆದುಕೊಳ್ಳಮ್ಮ" ಎಂದರು. ಇವಳು ಒಲ್ಲೆನೆಂದು ತಲೆ ಅಲ್ಲಾಡಿಸಿದಾಗ, "ಹಾಗಾದರೆ ದ್ಯುತಿಸಂಶ್ಲೇಷಣೆಗೆ ಇಂಗ್ಲಿಷಿನಲ್ಲಿ ಏನು, ಹೇಳು ನೋಡುವ" ಎಂದು ಕೇಳಿದರು.

ವರ್ಷವಿಡೀ ಕಲಿತದ್ದರಲ್ಲಿ ಒಂದಕ್ಷರವೂ ನೆನಪಿಗೆ ಬರಲೊಲ್ಲದು. ಪ್ರಾಂಶುಪಾಲರು ಅರ್ಜಿಯನ್ನು ಬದಿಗೆ ಸರಿಸಿದರು.

ಆಗ ಪಕ್ಕದ ಕುರ್ಚಿಯಿಂದ ರಾಗ ಎದ್ದಿತು. "ದ್ಯುತಿಸಂಶ್ಲೇಷಣೇ..." ಮಾಂಯ್ ಕಣ್ಣು ಮುಚ್ಚಿ, ಕೈ ಜೋಡಿಸಿ ಕೂಗುತ್ತಿದ್ದರು!

"ಫೋಟೋಸಿಂಥೆಸಿಸ್," ಸಿಂಥಿಯಾ ಅದೇ ರಾಗದಲ್ಲಿ ಓಗೊಟ್ಟಳು.

"ವೇಗೋತ್ಕರ್ಷಾ..."

"ಆಕ್ಸಲರೇಶನ್."

ಮಾಂಯ್‌ಗೆ ಇಡೀ ಪಟ್ಟಿ ಬಾಯಿಪಾಠ. ಇಪ್ಪತ್ತನೆಯ ಶಬ್ದಕ್ಕೆ ಪ್ರಾಂಶುಪಾಲರು ನಗುತ್ತಾ ಕೈಯೆತ್ತಿದರು. "ಸಾಕು ಬಾಯಮ್ಮ! ನಿಮಗಿಬ್ಬರಿಗೂ ಸೀಟು ಉಂಟು."

ಮಾಂಯ್ ತೀರಿಕೊಂಡು ಆರು ವರ್ಷವಾಯಿತು. ಈ ಜೂನಿನ ಮೊದಲ ತರಗತಿಯಲ್ಲಿ ಹೆಜಮಾಡಿಯ ಕನ್ನಡ ಮಾಧ್ಯಮದ ಹುಡುಗಿಯೊಬ್ಬಳು ಉತ್ತರ ಗೊತ್ತಿದ್ದೂ ಇಂಗ್ಲಿಷಿನಲ್ಲಿ ಹೇಳಲಾಗದೆ ತುಟಿ ಕಚ್ಚಿ ನಿಂತಳು. ಸಿಂಥಿಯಾ ಪುಸ್ತಕ ಮಡಚಿಟ್ಟು, "ಆಮ್ಲಾ..." ಎಂದು ರಾಗವಾಗಿ ಕೂಗಿದಳು. ತರಗತಿಯೆಲ್ಲ ಗೊಳ್ಳೆಂದಿತು. ಮತ್ತೊಮ್ಮೆ ಕೂಗಿದಳು. ಈ ಸಲ ಆ ಹುಡುಗಿಯೇ ಮೆಲ್ಲಗೆ, ರಾಗ ತಪ್ಪದೆ, "ಆಸಿಡ್" ಎಂದಳು.

ಸಿಂಥಿಯಾ ಬೋರ್ಡಿನ ಕಡೆ ತಿರುಗಿ ಕಣ್ಣೊರೆಸಿಕೊಂಡು, ಮುಂದಿನ ಶಬ್ದ ಕೂಗಿದಳು.